ತಕ್ಕಡಿಯಲ್ಲಿ ತೂಗಿದ ಪಾಲು

ಬೈಲಹೊಂಗಲದ ಅರಳೆಯ ಪೇಟೆಗೆ ಅನತಿದೂರದಲ್ಲಿದ್ದ ಒಂದು ದೊಡ್ಡ ಮನೆಯ ಪಡಸಾಲೆಯಲ್ಲಿ, ತಂದೆಯ ದಿನಕರ್ಮಗಳೆಲ್ಲ ಮುಗಿದ ಮರುವಾರ, ಮೂವರು ಅಣ್ಣತಮ್ಮಂದಿರು ಅಕ್ಕಸಾಲಿಗನ ತಕ್ಕಡಿಯನ್ನು ನಡುವೆ ಇರಿಸಿಕೊಂಡು ಕುಳಿತಿದ್ದ ದೃಶ್ಯವು, ಅದನ್ನು ಕಂಡು ದಶಕಗಳೇ ಕಳೆದಿದ್ದರೂ, ನನ್ನ ಸ್ಮೃತಿಯಿಂದ ಮಾಸಿಲ್ಲ. ಆ ಮನೆಯ ಯಜಮಾನರು ನಲವತ್ತು ವರ್ಷಗಳ ಕಾಲ ನಾಣ್ಯಗಳನ್ನು ಕೂಡಿಸಿದ್ದರು. ಶಿವರಾಯಿ ದುಡ್ಡುಗಳು, ಬಾಗಲಕೋಟೆಯ ಮಲ್ಹಾರಶಾಹಿ ರೂಪಾಯಿಗಳು, ಟೀಪುವಿನ ಆನೆಯ ಕಾಸುಗಳು, ಕಂಪನಿ ಸರಕಾರದ ಬೆಳ್ಳಿ ನಾಣ್ಯಗಳು, ಹೀಗೆ ಈ ಸೀಮೆಯಲ್ಲಿ ಕೈಯಿಂದ ಕೈಗೆ ದಾಟಿದ ಹಣವೆಲ್ಲ ಆ ಒಂದು ಸಂದೂಕದಲ್ಲಿ ನೆಲೆಸಿತ್ತು. ಪ್ರತಿಯೊಂದನ್ನೂ ಅವರು ಒಂದೊಂದು ಚೀಟಿಯಲ್ಲಿ ಸುತ್ತಿ, ಅದು ದೊರೆತ ಸ್ಥಳವನ್ನೂ ಕೊಟ್ಟವರ ಕಸುಬನ್ನೂ ತಾವು ತೆತ್ತ ಬೆಲೆಯನ್ನೂ ದುಂಡಾದ ಅಕ್ಷರಗಳಲ್ಲಿ ಬರೆದಿಟ್ಟಿದ್ದರು. ಒಂದರಲ್ಲಿ, ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಎಲ್ಲಮ್ಮನ ಗುಡ್ಡದ ಕುಂಕುಮ ಮಾರುವವಳಿಂದ ಎಂಟು ಆಣೆಗೆ ಕೊಂಡುದೆಂದು ಇತ್ತು. ಇನ್ನೊಂದರಲ್ಲಿ, ತೊರಗಲ್ಲ ಕೋಟೆಯ ಹಿಂದಣ ಎರೆಹೊಲದಲ್ಲಿ ಕುಂಟೆಯ ಬಾಯಿಗೆ ಸಿಕ್ಕಿದುದೆಂದು ಇತ್ತು.

ಅಣ್ಣತಮ್ಮಂದಿರು ಲೋಭಿಗಳಲ್ಲ, ಜಗಳಗಂಟರಲ್ಲ; ಒಬ್ಬರಿಗೊಬ್ಬರು ಅನ್ಯಾಯವಾಗಬಾರದೆಂಬ ಒಂದೇ ಕಳಕಳಿಯಿಂದ ಅವರು ಚೀಟಿಗಳನ್ನೆಲ್ಲ ಬಿಚ್ಚಿ, ತಾಮ್ರವನ್ನು ತಾಮ್ರದೊಡನೆ, ಬೆಳ್ಳಿಯನ್ನು ಬೆಳ್ಳಿಯೊಡನೆ ರಾಶಿಮಾಡಿ, ಸರಿಸಮವಾಗಿ ತೂಗಿದರು. “ತಮ್ಮಾ, ನಿನ್ನ ಪಾಲಿಗೆ ಒಂದೆರಡು ಗುಂಜಿ ಕಡಿಮಿ ಬಿತ್ತು, ಈ ಸಣ್ಣದೊಂದು ನಿನಗ ಇರ್ಲಿ” ಎಂದು ಹಿರಿಯವನು ಕಿರಿಯವನ ಕಡೆಗೆ ಸರಿಸಿದ ನಾಣ್ಯವೇ ಇಡೀ ಸಂಗ್ರಹದಲ್ಲಿ ಅತ್ಯಂತ ಅಪೂರ್ವವಾದುದಾಗಿದ್ದಿತೋ ಏನೋ, ಇನ್ನು ಯಾರೂ ಹೇಳಲಾರರು. ಚೀಟಿಗಳನ್ನು ಕಸಬರಿಗೆಯಿಂದ ಗುಡಿಸಿ ಬಚ್ಚಲ ಒಲೆಗೆ ಹಾಕಿದರು.

ಈ ಪ್ರಸಂಗದಲ್ಲಿ ದೂಷಿಸತಕ್ಕವರು ಯಾರೆಂದು ನಾನು ಅನೇಕ ವೇಳೆ ವಿಚಾರಮಾಡಿದ್ದೇನೆ. ಮಕ್ಕಳನ್ನು ದೂಷಿಸುವುದು ಸುಲಭ, ಹಾಗೂ ಲೋಕರೂಢಿ. ಆದರೆ ತಮ್ಮ ವ್ಯಾಸಂಗದ ಫಲವನ್ನು ನಲವತ್ತು ವರ್ಷ ಸಂದೂಕದ ಬೀಗದೊಳಗೆ ಇರಿಸಿ, ಒಂದು ದಿನವಾದರೂ ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಇದು ಇಂಥದು, ಇದನ್ನು ನನ್ನ ತರುವಾಯ ಹೀಗೆ ಮಾಡತಕ್ಕದ್ದು ಎಂದು ಹೇಳದೆ ತೀರಿಕೊಂಡ ಆ ಹಿರಿಯರೇ ಮೊದಲ ಹೊಣೆಗಾರರೆಂದು, ಅವರ ಬಗೆಗೆ ನನಗಿರುವ ಗೌರವಕ್ಕೆ ಕುಂದು ತಾರದೆಯೇ, ಹೇಳಬಯಸುತ್ತೇನೆ. ಹೊಲಕ್ಕೆ ಉತಾರವುಂಟು, ಮನೆಗೆ ಚಕ್ಕುಬಂದಿಯುಂಟು, ಬಂಗಾರಕ್ಕೆ ತೊಲೆಯ ಲೆಕ್ಕವುಂಟು. ಒಬ್ಬ ಮನುಷ್ಯನ ಆಸಕ್ತಿಯಿಂದಲೇ ಒಂದುಗೂಡಿ ನಿಂತ ವಸ್ತುಸಮೂಹಕ್ಕೆ ಆ ಮನುಷ್ಯನ ಮಾತಿನ ಹೊರತು ಬೇರಾವ ಉತಾರವೂ ಇಲ್ಲ.

ನಮ್ಮ ಕಡೆ ಸಂಗ್ರಹವೆಂದೊಡನೆ ಜನರು ಅದು ಅರಸುಮನೆತನದವರ ಅಥವಾ ನಗರದ ಶ್ರೀಮಂತರ ಹವ್ಯಾಸವೆಂದು ಭಾವಿಸುತ್ತಾರೆ. ಇದು ತಪ್ಪು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ವಾಡೆಯೆನ್ನಿಸಿಕೊಂಡ ಮನೆಗಳ ಅಟ್ಟಗಳನ್ನು ಏರಿ ನೋಡಿದವರಿಗೆ ಗೊತ್ತು: ದೇಸಾಯಿ, ನಾಡಗೌಡ, ಕುಲಕರ್ಣಿ ಮನೆತನಗಳಲ್ಲಿ ಕೆಂಪು ಬಟ್ಟೆಯ ರುಮಾಲುಗಳಲ್ಲಿ ಕಟ್ಟಿದ ದಫ್ತರಗಳು, ಮೋಡಿ ಲಿಪಿಯ ಸನದು ಕೈಫಿಯತ್ತುಗಳು, ಕೆಲವೆಡೆ ದೇವರ ಜಗಲಿಯಲ್ಲಿ ಅರಿಸಿನ ಕುಂಕುಮ ಮೆತ್ತಿಕೊಂಡು ಕುಳಿತ ತಾಡವೋಲೆಯ ಕಟ್ಟುಗಳು ಇಂದಿಗೂ ಇವೆ. 1950ರ ಮುಂಬಯಿ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದಿಯಾತಿ ಕಾಯದೆ ಬಂದ ಮೇಲೆ ಈ ಕಾಗದಗಳಿಗಿದ್ದ ಹಕ್ಕಿನ ಬೆಲೆ ಇಲ್ಲವಾಯಿತು. ಅವನ್ನು ಜೋಪಾನಮಾಡುವ ಕಾರಣವೇ ತಪ್ಪಿಹೋಗಿ, ಮಕ್ಕಳು ಧಾರವಾಡಕ್ಕೂ ಪುಣೆಗೂ ಬೆಂಗಳೂರಿಗೂ ಹೊರಟುಹೋದರು. ಕಾಗದಗಳು ಗೆದ್ದಲಿನ ಸ್ವಾಧೀನಕ್ಕೆ ಬಂದುವು. ಪುಣೆಯ ಪೇಶವೆ ದಫ್ತರದಿಂದ ಗೋವಿಂದ ಸಖಾರಾಮ ಸರದೇಸಾಯಿಯವರು 1930ರ ದಶಕದಲ್ಲಿ ಆಯ್ದು ಪ್ರಕಟಿಸಿದ 45 ಸಂಪುಟಗಳನ್ನು ತಿರುವುವ ಯಾರಿಗಾದರೂ, ಇಂಥ ರುಮಾಲುಗಳೊಳಗೆ ಏನೇನು ಅಡಗಿರಬಹುದೆಂಬುದರ ಕಲ್ಪನೆ ಬರದಿರದು.

ದೊಡ್ಡ ಮನೆತನಗಳ ಮಾತು ಅಂತಿರಲಿ. ಕನ್ನಡ ಸಾಲೆಯ ಮಾಸ್ತರರೊಬ್ಬರು ಅಡಕೊತ್ತುಗಳನ್ನು ಕೂಡಿಸಿದ್ದನ್ನು ನಾನು ಕಂಡಿದ್ದೇನೆ. ನವಿಲಿನ ಆಕಾರದವು, ಗಿಣಿಯ ಆಕಾರದವು, ಹಿತ್ತಾಳೆಯವು, ಉಕ್ಕಿನವು. ರಾಮದುರ್ಗದ ನೇಕಾರರ ಓಣಿಯಲ್ಲಿ, ತನ್ನ ತಾಯಿಯ ಕಾಲದಿಂದ ಮಗ್ಗದ ಮೇಲೆ ಇಳಿದ ಸೀರೆಗಳ ದಡಿಯ ತುಣುಕುಗಳನ್ನು ಒಂದು ವಹಿಯಲ್ಲಿ ಹೊಲಿದಿಟ್ಟ ಮುದುಕಿಯೊಬ್ಬಳನ್ನು ಕಂಡಿದ್ದೇನೆ. ಸವದತ್ತಿ ತಾಲೂಕಿನ ಏಣಗಿಯಿಂದ ಹೊರಟು ಕನ್ನಡ ರಂಗಭೂಮಿಯನ್ನೇ ಬೆಳಗಿದ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘದ ಕರಪತ್ರಗಳನ್ನು, ಅವುಗಳ ಹಿಂಬದಿಯಲ್ಲಿ ಆ ರಾತ್ರಿಯ ನಾಟಕ ಹೇಗಾಯಿತೆಂಬ ಟಿಪ್ಪಣಿಯೊಡನೆ ಕಾದಿರಿಸಿದ ನಾಟಕದ ಹುಚ್ಚರೂ ನಮ್ಮಲ್ಲಿದ್ದರು. ಪೇಟೆಯಲ್ಲಿ ಇವುಗಳಿಗೆ ಕಾಸಿನ ಬೆಲೆಯಿಲ್ಲ. ಉತ್ತರಾಧಿಕಾರಿಗಳು ಮೊದಲು ಬಿಸಾಡುವುದು ಇಂಥವನ್ನೇ.

ವಾರಸುದಾರಿಕೆಯ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಕಹಿಯಾದ ಇತಿಹಾಸವೇ ಇದೆಯೆಂಬುದನ್ನು ಇಲ್ಲಿ ನೆನೆಯದಿರಲಾಗದು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ, ಆತನು ಮರಣಕ್ಕೆ ಮುನ್ನ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಒಪ್ಪದೆ, ಪತ್ರದ ಮೇಲಣ ಸಹಿಯನ್ನೇ ಸಂಶಯಿಸಿ, ಸಂಸ್ಥಾನದ ಭಂಡಾರಕ್ಕೆ ಮುದ್ರೆಯೊತ್ತಿ ಕಾವಲಿರಿಸಿದನು. ಆ ಭಂಡಾರದ ಬೆಲೆ ಸುಮಾರು 15 ಲಕ್ಷ ರೂಪಾಯಿಗಳಾಗಿತ್ತೆಂದು ಹೇಳುತ್ತಾರೆ. ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ನಡೆದುದನ್ನೂ, ಥ್ಯಾಕರೆ ಅಲ್ಲಿಯೇ ಮಡಿದುದನ್ನೂ, ಡಿಸೆಂಬರಿನಲ್ಲಿ ಕೋಟೆ ಬಿದ್ದುದನ್ನೂ, ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹವಿಟ್ಟುದನ್ನೂ ಈ ಭಾಗದ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅನ್ಯಾಯವು ಕಂಪನಿಯದೇ ಸರಿ. ನಾವು ಮಕ್ಕಳಿಗೆ ಶೌರ್ಯವನ್ನು ಹೇಳುತ್ತೇವೆ, ಅದು ಹೇಳತಕ್ಕದ್ದೇ. ಆದರೆ ಆ ಕಥೆಯ ಆರಂಭದಲ್ಲಿ ಒಂದು ಕಾಗದವಿದೆ, ಬಹಳ ತಡವಾಗಿ ಬರೆದ ಕಾಗದ, ಎಂಬುದನ್ನು ಮರೆತುಬಿಡುತ್ತೇವೆ.

ಮೂವತ್ತನಾಲ್ಕು ವರ್ಷಗಳ ತರುವಾಯ ಅದೇ ದುಃಖದ ಪುನರಾವೃತ್ತಿ ನೆರೆಯ ನರಗುಂದದಲ್ಲಿ ಆಯಿತು. ಅಲ್ಲಿಯ ಭಾಸ್ಕರರಾವ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ರಾಮದುರ್ಗದ ಅಧಿಪತಿಗೆ ಮಲಸಹೋದರ. ಮಕ್ಕಳಿಲ್ಲದ ಆತನಿಗೂ ದತ್ತಕದ ಅನುಮತಿ ದೊರೆಯಲಿಲ್ಲ. 1858ರ ಮೇ 29ರ ರಾತ್ರಿ ಈಗಿನ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನ ವಧೆಯಾಯಿತು; ಜೂನ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಆತನು ವಿದ್ಯಾಪ್ರಿಯನಾಗಿದ್ದನು, ಸಂಸ್ಕೃತ ಗ್ರಂಥಗಳ ಒಂದು ದೊಡ್ಡ ಭಂಡಾರವನ್ನೇ ಕೂಡಿಸಿದ್ದನು. ಬಾಬಾಸಾಹೇಬನ ಹೆಸರಿನಲ್ಲಿ ಇಂದು ನರಗುಂದದಲ್ಲಿ ಕೋಟೆಯನ್ನು ತೋರಿಸುತ್ತಾರೆ; ಗ್ರಂಥಗಳ ಮಾತನ್ನು ಯಾರೂ ಎತ್ತುವುದಿಲ್ಲ. ಅರಸನಿಗೆ ವಾರಸುದಾರನಿಲ್ಲದಿದ್ದರೆ ಸಂಸ್ಥಾನವು ಸರಕಾರಕ್ಕೆ ಸೇರುತ್ತಿತ್ತು, ಅದಕ್ಕೊಂದು ದುಷ್ಟ ನಿಯಮವಾದರೂ ಇತ್ತು. ಗ್ರಂಥಗಳು ಎಲ್ಲಿಗೆ ಸೇರತಕ್ಕವೆಂಬುದಕ್ಕೆ ಯಾವ ನಿಯಮವೂ ಇರಲಿಲ್ಲ.

ಹಾಗಾದರೆ ಸಂಗ್ರಾಹಕನು ಮಾಡತಕ್ಕುದೇನು? ಬಹುಮಂದಿ ಹಿರಿಯರ ಮನಸ್ಸಿನಲ್ಲಿರುವ ಉತ್ತರ ಒಂದೇ: ಒಡೆಯಕೂಡದು, ಮಾರಕೂಡದು, ನನ್ನ ಹೆಸರಿನಲ್ಲಿ ಇದ್ದಂತೆಯೇ ಇರಬೇಕು. ಈ ಅಪೇಕ್ಷೆ ಸ್ವಾಭಾವಿಕವಾದರೂ ಇದರಲ್ಲಿ ವಸ್ತುಪ್ರೇಮಕ್ಕಿಂತ ಆತ್ಮಪ್ರೇಮವೇ ಹೆಚ್ಚೆಂದು ನನಗೆ ತೋರುತ್ತದೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವ ಮಗನ ಮೇಲೆ ನಾನೂರು ಅಡಕೊತ್ತುಗಳನ್ನು ಆಣೆಯೊಡನೆ ಹೊರಿಸಿ ಹೋಗುವ ತಂದೆಯು, ತಾನು ಸಂತೋಷಕ್ಕಾಗಿ ಮಾಡಿದುದನ್ನು ಮಗನಿಗೆ ಶಿಕ್ಷೆಯನ್ನಾಗಿ ಪರಿವರ್ತಿಸುತ್ತಾನೆ. ಫ್ರಾನ್ಸ್ ದೇಶದ ಸಾಹಿತಿ ಎಡ್ಮೊಂಡ್ ದ ಗೊಂಕೂರ್, ತನ್ನ ತಮ್ಮನೊಡನೆ ಜೀವಮಾನವಿಡೀ ಕೂಡಿಸಿದ ಚಿತ್ರಗಳನ್ನೂ ಜಪಾನಿನ ಕಲಾವಸ್ತುಗಳನ್ನೂ ವಸ್ತುಸಂಗ್ರಹಾಲಯದ ಶೀತಲವಾದ ಗೋರಿಗೆ ಒಪ್ಪಿಸಲೊಲ್ಲದೆ, ಅವೆಲ್ಲ ಹರಾಜಿನಲ್ಲಿ ಚೆದರಿ, ತಾನು ಅವನ್ನು ಕೊಂಡಾಗ ಪಟ್ಟ ಆನಂದವನ್ನು ಬೇರೆ ಬೇರೆ ರಸಿಕರು ಪುನಃ ಪಡೆಯಲೆಂದು ಮೃತ್ಯುಪತ್ರದಲ್ಲಿ ವಿಧಿಸಿದನು. 1896ರಲ್ಲಿ ಆತನು ತೀರಿಕೊಂಡ ಮೇಲೆ ಹಾಗೆಯೇ ಆಯಿತು. ಬಂದ ಹಣದಿಂದ ಒಂದು ಸಾಹಿತ್ಯಸಂಸ್ಥೆ ಹುಟ್ಟಿ, ಅದು 1903ರಿಂದ ಕೊಡುತ್ತ ಬಂದ ಪ್ರಶಸ್ತಿಯು ಇಂದಿಗೂ ಫ್ರೆಂಚ್ ಕಾದಂಬರಿಕಾರರ ಕನಸಾಗಿ ಉಳಿದಿದೆ. ಮಾರಾಟವೆಂದರೆ ಅಪಮಾನವೆಂದು ತಿಳಿಯುವ ನಮ್ಮವರು ಈ ಉದಾಹರಣೆಯನ್ನು ಕುರಿತು ಸ್ವಲ್ಪ ಆಲೋಚಿಸಬೇಕು. ಸಂಗ್ರಹವು ಚೆದರಿದುದು ಬೈಲಹೊಂಗಲದಲ್ಲಿಯೂ ನಿಜ, ಪ್ಯಾರಿಸಿನಲ್ಲಿಯೂ ನಿಜ. ಪ್ಯಾರಿಸಿನಲ್ಲಿ ಚೀಟಿಗಳು ಸುಡಲಿಲ್ಲ.

ಒಟ್ಟಾಗಿ ಉಳಿಯಬೇಕಾದುದನ್ನು ಒಟ್ಟಾಗಿಯೇ ಉಳಿಸಿದವರೂ ಉಂಟು, ಅದಕ್ಕೆ ದೂರ ಹೋಗಬೇಕಾಗಿಲ್ಲ. ಪುಣೆಯ ದಿನಕರ ಕೇಳಕರರು, ‘ಅಜ್ಞಾತವಾಸಿ’ಯೆಂಬ ಹೆಸರಿನಿಂದ ಕವಿತೆ ಬರೆಯುತ್ತಿದ್ದವರು, ಹಳೆಯ ವಾಡೆಗಳ ಬಾಗಿಲುಗಳಿಂದ ಮೊದಲುಗೊಂಡು ದೀಪ, ದೌತಿ, ಅಡಕೊತ್ತು, ವಾದ್ಯಗಳವರೆಗೆ ಸುಮಾರು ಇಪ್ಪತ್ತು ಸಾವಿರ ವಸ್ತುಗಳನ್ನು ಅರ್ಧ ಶತಮಾನಕ್ಕೂ ಮಿಕ್ಕಿದ ಶ್ರಮದಿಂದ ಕೂಡಿಸಿದರು. ಅವರ ಮಗ ರಾಜಾ ಬಾಲ್ಯದಲ್ಲಿಯೇ ತೀರಿಕೊಂಡಿದ್ದನು. ಸಂಗ್ರಹಕ್ಕೆ ತಂದೆಯು ಮಗನ ಹೆಸರನ್ನಿಟ್ಟು, 1975ರಲ್ಲಿ, ತಾವು ಇನ್ನೂ ಬದುಕಿದ್ದು ಕೈಹಿಡಿದು ತೋರಿಸಬಲ್ಲವರಾಗಿರುವಾಗಲೇ, ಮಹಾರಾಷ್ಟ್ರ ಸರಕಾರಕ್ಕೆ ದಾನಮಾಡಿದರು. ಆಮೇಲೆ ಹದಿನೈದು ವರ್ಷ ಬದುಕಿದ್ದರು. ವಾರಸುದಾರನು ಮುಂದಾಗಿ ಹೋದಾಗ ಸಂಗ್ರಹವನ್ನೇ ವಾರಸುದಾರನನ್ನಾಗಿ ಮಾಡಿಕೊಂಡ ಈ ತಂದೆಯ ನಡತೆಗಿಂತ ಹೃದ್ಯವಾದ ಮೃತ್ಯುಪತ್ರವನ್ನು ನಾನು ಕಾಣೆ. ಇದಕ್ಕೆ ಪ್ರತಿಯಾಗಿ ಹೈದರಾಬಾದಿನ ಮೂರನೆಯ ಸಾಲಾರಜಂಗರು ಅವಿವಾಹಿತರಾಗಿ 1949ರಲ್ಲಿ ತೀರಿಕೊಂಡರು. ಅಪಾರವಾದ ಆ ಸಂಗ್ರಹವು 1951ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆಯಿತಾದರೂ, ಅದಕ್ಕೆ ಒಂದು ಸ್ಥಿರವಾದ ನೆಲೆ ದೊರಕಿಸಲು 1961ರಲ್ಲಿ ಪಾರ್ಲಿಮೆಂಟೇ ಕಾಯದೆಮಾಡಬೇಕಾಯಿತು. ಸಾಲಾರಜಂಗರ ಸಂಗ್ರಹಕ್ಕೆ ಪಾರ್ಲಿಮೆಂಟು ನೆರವಿಗೆ ಬಂದಿತು; ನಮ್ಮ ನಿಮ್ಮ ಸಂದೂಕಕ್ಕೆ ಬರಲಾರದು.

ಕಾಯದೆಯ ಮಾತನ್ನು ಬೇಗನೆ ಮುಗಿಸುತ್ತೇನೆ, ಆದರೆ ಬಿಡುವಂತಿಲ್ಲ. ಮೃತ್ಯುಪತ್ರಕ್ಕೆ ಬರೆದವರ ಸಹಿ ಹಾಗೂ ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳಿತು. 1972ರ ಪುರಾವಸ್ತು ಕಾಯದೆಯಂತೆ ನೂರು ವರ್ಷ ಮೀರಿದ ನಾಣ್ಯ, ಶಿಲ್ಪ, ಚಿತ್ರಗಳೂ ಎಪ್ಪತ್ತೈದು ವರ್ಷ ಮೀರಿದ ಮಹತ್ವದ ಹಸ್ತಪ್ರತಿಗಳೂ ಪುರಾವಸ್ತುಗಳೆನ್ನಿಸುತ್ತವೆ. ಇವುಗಳಲ್ಲಿ ಶಿಲ್ಪಗಳು, ವರ್ಣಚಿತ್ರಗಳು, ಚಿತ್ರಸಹಿತ ಹಸ್ತಪ್ರತಿಗಳು ನೋಂದಣಿಯಾಗಿರಬೇಕು. ನೋಂದಾಯಿಸಿದ್ದು ಕೈಬದಲಾದರೆ ಅಧಿಕಾರಿಗೆ ತಿಳಿಸಬೇಕು. ಖಾಸಗಿಯವರು ಯಾವ ಪುರಾವಸ್ತುವನ್ನೂ ಹೊರದೇಶಕ್ಕೆ ಒಯ್ಯುವಂತಿಲ್ಲ. ಅಮೇರಿಕೆಯಿಂದ ಬಂದ ಮೊಮ್ಮಗನ ಪೆಟ್ಟಿಗೆಯಲ್ಲಿ ಅಜ್ಜಿಯು ವಾತ್ಸಲ್ಯದಿಂದ ಇಟ್ಟುಕೊಡುವ ಹಳೆಯ ಪಂಚಲೋಹದ ಗಣಪತಿಯು ವಿಮಾನನಿಲ್ದಾಣದಲ್ಲಿ ಅಪರಾಧದ ವಸ್ತುವಾಗಿಬಿಡುತ್ತದೆ. ವಾಡೆಯ ಗೋಡೆಯ ಮೇಲಣ ಹುಲಿಚರ್ಮಕ್ಕೂ ಜಿಂಕೆಯ ಕೊಂಬಿಗೂ ವನ್ಯಜೀವಿ ಕಾಯದೆಯ ಒಡೆತನದ ಪ್ರಮಾಣಪತ್ರ ಬೇಕು, ಅವನ್ನು ಮಾರುವಂತಿಲ್ಲ. ಅಜ್ಜನ ಬಂದೂಕಿನ ಪರವಾನಿಗೆ ಅಜ್ಜನೊಡನೆಯೇ ಮುಗಿಯುತ್ತದೆ. ನೆಲದಲ್ಲಿ ಹೂತು ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕು. ಕುಂಟೆಯ ಬಾಯಿಗೆ ಸಿಕ್ಕ ನಾಣ್ಯವನ್ನು ಆ ಬೈಲಹೊಂಗಲದ ಹಿರಿಯರು ಹಾಗೆ ಇರಿಸಿಕೊಳ್ಳಬಹುದಾಗಿತ್ತೋ ಇಲ್ಲವೋ ಎಂಬ ಪ್ರಶ್ನೆಯನ್ನು, ಚೀಟಿಯೇ ಸುಟ್ಟುಹೋದುದರಿಂದ, ಇನ್ನು ಎತ್ತುವಂತಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು ಒಂದು ವಹಿ. ಯಾವ ವಸ್ತು, ಎಲ್ಲಿಂದ ಬಂದುದು, ಯಾರು ಕೊಟ್ಟರು, ಏನು ವಿಶೇಷ, ಯಾವುದು ನಕಲಿ (ನಕಲಿಯೆಂದು ತಿಳಿದೂ ಇಟ್ಟುಕೊಂಡುದನ್ನು ಒಪ್ಪಿಕೊಳ್ಳುವ ಧೈರ್ಯ ಸಂಗ್ರಾಹಕನಿಗೆ ಇರಬೇಕು), ಯಾವುದನ್ನು ಎರವು ತಂದು ಹಿಂತಿರುಗಿಸಿಲ್ಲ, ಮಾರುವುದಾದರೆ ಯಾರನ್ನು ಕೇಳಬೇಕು, ಇಷ್ಟನ್ನು ಮಕ್ಕಳು ಓದಬಲ್ಲ ಭಾಷೆಯಲ್ಲಿ, ಓದಬಲ್ಲ ಅಕ್ಷರದಲ್ಲಿ ಬರೆದಿಡಬೇಕು. ಎರಡನೆಯದಾಗಿ ಅದೇ ವಹಿಯ ಕೊನೆಯ ಪುಟದಲ್ಲಿ, ಇವುಗಳಲ್ಲಿ ನಿಮಗೆ ಬೇಕಾದುದನ್ನು ಇಟ್ಟುಕೊಂಡು ಉಳಿದುದನ್ನು ಕೊಡಿರಿ ಅಥವಾ ಮಾರಿರಿ, ನನಗೆ ಬೇಸರವಿಲ್ಲ, ಎಂಬ ಒಂದು ವಾಕ್ಯವನ್ನು ಬರೆದು ಸಹಿ ಮಾಡಬೇಕು. ಈ ವಾಕ್ಯವಿಲ್ಲದುದರಿಂದಲೇ ಎಷ್ಟೋ ಮನೆಗಳಲ್ಲಿ ಮಕ್ಕಳು ಇಟ್ಟುಕೊಳ್ಳಲಾರದೆ, ಬಿಡಲಾರದೆ, ಇಪ್ಪತ್ತು ವರ್ಷ ಕೋಣೆಗೆ ಬೀಗ ಹಾಕಿ, ಕಟ್ಟಕಡೆಗೆ ಎಲ್ಲವನ್ನೂ ಗುಜರಿಯವನ ಗಾಡಿಗೆ ಹೇರುತ್ತಾರೆ. ಭಕ್ತಿ ಹೆಚ್ಚಾಗಿದ್ದರೆ ಮಲಪ್ರಭೆಗೆ ಬಿಡುತ್ತಾರೆ. ಬಿಡದಿದ್ದರೆ ಮಲಪ್ರಭೆಯೇ ಬಂದು ಒಯ್ಯುವುದೂ ಉಂಟು: 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ರಾಮದುರ್ಗದ ನದೀತೀರದ ಮನೆಗಳನ್ನು ಹೊಕ್ಕಾಗ ಜನರು ಜೀವವನ್ನೂ ದನಕರುಗಳನ್ನೂ ಉಳಿಸಿಕೊಂಡರು, ಸಂದೂಕಗಳನ್ನು ಯಾರು ನೋಡಿಯಾರು?

ವಹಿಯನ್ನು ಯಾರ ಕೈಗೆ ಕೊಡಬೇಕೆಂಬುದರಲ್ಲಿಯೂ ನಮ್ಮವರು ತಪ್ಪುವುದುಂಟು. ಹಿರಿಯ ಮಗನೆಂಬ ಕಾರಣಕ್ಕೆ ಹಿರಿಯ ಮಗನಿಗೆ ಕೊಡುವುದು ರೂಢಿ. ವರ್ಷವರ್ಷವೂ ಆ ಹಿತ್ತಾಳೆಯನ್ನು ಹುಣಿಸೆಹುಳಿ ಹಚ್ಚಿ ತಿಕ್ಕಿ, ಯಾವ ದೀಪದ ಯಾವ ಬತ್ತಿಗೂಡು ಸಡಿಲವಾಗಿದೆಯೆಂಬುದನ್ನು ಬಲ್ಲವಳು ಸೊಸೆ. ತಂದೆಯ ಪಕ್ಕದಲ್ಲಿ ಕುಳಿತು ಕಥೆ ಕೇಳಿದವಳು ಬಹುಶಃ ಮಗಳು. ಹಿಂದೂ ಉತ್ತರಾಧಿಕಾರ ಕಾಯದೆಯ 2005ರ ತಿದ್ದುಪಡಿ ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಭಾಗವನ್ನು ಕೊಟ್ಟಿತು. ಕೇಳುವ ಕಿವಿ ಯಾರದೋ ಅವರೇ ಸಂಗ್ರಹದ ವಾರಸುದಾರರು ಎಂದು ನನ್ನ ಅಭಿಪ್ರಾಯ. ಅವರು ಮನೆಯ ಹೊರಗಿನವರಾದರೂ ಸರಿಯೆ. ವಿಜಾಪುರದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮನೆಯ ಜಗಲಿಗಳ ಮೇಲೆ ಪೂಜೆಗೊಳ್ಳುತ್ತಿದ್ದ ತಾಡವೋಲೆಗಳನ್ನು ಬೇಡಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದಾಗ, ಅವರು ಯಾವ ಮನೆತನದ ದಾಯಾದಿಗಳೂ ಆಗಿರಲಿಲ್ಲ. ಕೊಟ್ಟ ಮನೆಗಳವರು ಕಳೆದುಕೊಂಡುದೇನು?

ಕೊಡುವುದಾದರೆ ಎಲ್ಲಿಗೆ? ಧಾರವಾಡದಲ್ಲಿ 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯಿದೆ. ಹಸ್ತಪ್ರತಿಗಳ ಬೆಲೆಯನ್ನು ಬಲ್ಲ ಸ್ಥಳ. ಕಿತ್ತೂರ ಕೋಟೆಯೊಳಗೆ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ; ಕತ್ತಿಗಳು, ಕೆತ್ತನೆಯ ಬಾಗಿಲುಗಳು, ಸುತ್ತಣ ಹಳ್ಳಿಗಳಿಂದ ಬಂದ ಶಿಲ್ಪಗಳು ಅಲ್ಲಿವೆ. ಆದರೆ ಸರಕಾರಕ್ಕೆ ಕೊಟ್ಟೆನೆಂದು ನಿಶ್ಚಿಂತನಾಗುವ ದಾನಿಯು ಮರುವರ್ಷ ಹೋಗಿ ವಿಚಾರಿಸಲಿ. ರಸೀತಿಯಿಲ್ಲದೆ, ಯಾದಿಯಿಲ್ಲದೆ ಕೊಟ್ಟ ವಸ್ತುವು ಉಗ್ರಾಣದ ಕತ್ತಲೆಯಲ್ಲಿ ಕುಳಿತರೆ ಅಟ್ಟದ ಕತ್ತಲೆಗಿಂತ ಅದು ಮೇಲಾದುದೇನಲ್ಲ. ದಾನಪತ್ರದಲ್ಲಿ ವಸ್ತುಗಳ ಯಾದಿಯೂ ಛಾಯಾಚಿತ್ರಗಳೂ ಇರಲಿ, ಒಂದು ಪ್ರತಿ ಮನೆಯಲ್ಲಿರಲಿ.

ಪ್ರತಿವರ್ಷ ಅಕ್ಟೋಬರ 23ರಿಂದ ಮೂರು ದಿನ ಕಿತ್ತೂರು ಉತ್ಸವವು ನಡೆಯುತ್ತದೆ. ಮೆರವಣಿಗೆಯೂ ಸಂಗೀತವೂ ಕುಸ್ತಿಯೂ ಬೇಕಾದುವೇ. ಅದೇ ಕೋಟೆಯ ಆವರಣದಲ್ಲಿ ಒಂದು ಮೇಜು, ಮೋಡಿ ಓದಬಲ್ಲ ಒಬ್ಬ ವಿದ್ವಾಂಸ, ನಾಣ್ಯ ಬಲ್ಲ ಇನ್ನೊಬ್ಬ, ಛಾಯಾಚಿತ್ರ ತೆಗೆಯುವ ಒಬ್ಬ ಹುಡುಗ, ಇಷ್ಟನ್ನು ಒದಗಿಸಿ, ನಾಲ್ಕೂ ತಾಲೂಕುಗಳ ಜನರು ತಮ್ಮ ಅಟ್ಟದ ವಸ್ತುಗಳನ್ನು ತಂದು ತೋರಿಸಿ, ಅವು ಏನೆಂಬುದನ್ನು ಬರೆಯಿಸಿಕೊಂಡು, ಮರಳಿ ಮನೆಗೆ ಒಯ್ಯುವ ಏರ್ಪಾಡನ್ನು ಮಾಡಿದರೆ ಜಿಲ್ಲಾಡಳಿತಕ್ಕೆ ಆಗುವ ವೆಚ್ಚವು ಒಂದು ಕಮಾನಿನ ದೀಪಾಲಂಕಾರದ ವೆಚ್ಚವನ್ನು ಮೀರಲಾರದು. ಅಧಿಕಾರಿಗಳು ಇದನ್ನು ಈ ವರ್ಷವೇ ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಅದು ಆಗುವತನಕ ಓದುಗರಲ್ಲಿ ಒಂದು ವಿನಂತಿ. ಮಹಾನವಮಿಗೆ ಮುನ್ನ ಮನೆ ತೊಳೆಯಲು ಅಟ್ಟದ ಸಾಮಾನುಗಳನ್ನು ಇಳಿಸುವಿರಷ್ಟೆ. ಆಗ ನಿಮ್ಮ ಹಿರಿಯರು ಇನ್ನೂ ಇದ್ದರೆ ಅವರನ್ನು ಪಡಸಾಲೆಯಲ್ಲಿ ಕೂಡ್ರಿಸಿ, ಒಂದೊಂದನ್ನೂ ಅವರ ಕೈಗೆ ಕೊಟ್ಟು, ಅವರು ಹೇಳಿದುದನ್ನು ಬರೆದುಕೊಳ್ಳಿರಿ. ಅವರು ಇಲ್ಲದಿದ್ದರೆ, ಕಟ್ಟುಗಳೊಳಗಣ ಚೀಟಿಗಳನ್ನು ಮಾತ್ರ ಒಲೆಗೆ ಹಾಕಬೇಡಿರಿ.